ಕಂಪನಿ ಬದಲಿಸಿದರೆ ಕರೆಂಟ್ ಬಿಲ್ ಇಳಿಯುತ್ತದೆಯೇ?

ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಿಸಿದರೆ ಬದಲಾವಣೆ ಕೂಡಲೇ ಅನುಭವಕ್ಕೆ ಬರುತ್ತದೆ. ಸಿಮ್ ಬೇರೆ, ಟವರ್ ಬೇರೆ, ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದೂ ಬೇರೆ. ಕೆಲವು ದೇಶಗಳಲ್ಲಿ, ಕೆಲವು ಊರುಗಳಲ್ಲಿ ಮನೆಗೆ ವಿದ್ಯುತ್ ಮಾರುವ ಕಂಪನಿಯನ್ನೂ ಹೀಗೆ ಬದಲಿಸಬಹುದು, ಆದರೆ ಆಗ ಇವು ಯಾವುವೂ ಆಗುವುದಿಲ್ಲ. ಅದೇ ಕಂಬ, ಅದೇ ಟ್ರಾನ್ಸ್‌ಫಾರ್ಮರ್, ಅದೇ ತಂತಿ, ಸಾಮಾನ್ಯವಾಗಿ ಅದೇ ಮೀಟರ್. ಹಳೆಯ ಕಂಪನಿಯ ಕೊನೆಯ ದಿನ ಮುಗಿದು ಹೊಸ ಕಂಪನಿಯ ಮೊದಲ ದಿನ ಆರಂಭವಾಗುವ ಮಧ್ಯರಾತ್ರಿಯಲ್ಲಿ ದೀಪ ಒಮ್ಮೆ ಮಿನುಗುವುದೂ ಇಲ್ಲ. ವಿದ್ಯುತ್ ಕೆಟ್ಟರೆ ದುರಸ್ತಿಗೆ ಬರುವವರೂ ಹಿಂದಿನವರೇ, ಏಕೆಂದರೆ ತಂತಿಯ ಒಡೆತನ ಬೇರೆ, ವಿದ್ಯುತ್ತಿನ ಮಾರಾಟ ಬೇರೆ. ಬದಲಾಗುವುದು ಬಿಲ್ಲಿನ ಮೇಲಿರುವ ಹೆಸರು ಮತ್ತು ಅದರೊಳಗಿನ ಲೆಕ್ಕ ಮಾತ್ರ.

ಹಾಗಾದರೆ ಈ ವ್ಯವಸ್ಥೆಯಿಂದ ಮನೆಯವರಿಗೆ ಲಾಭವೆಷ್ಟು ಎಂಬ ಪ್ರಶ್ನೆ ಪೂರ್ತಿಯಾಗಿ ಲೆಕ್ಕದ ಪ್ರಶ್ನೆಯೇ ಆಗುತ್ತದೆ. ಆ ಲೆಕ್ಕದಲ್ಲಿ ಕಂಪನಿಯ ಕೈಯಲ್ಲಿರುವುದು ದರ, ಗ್ರಾಹಕನ ಕೈಯಲ್ಲಿರುವುದು ಬಳಕೆ. ದರದ ಬಗ್ಗೆ ಜಾಹೀರಾತುಗಳು ಸಾಕಷ್ಟು ಮಾತಾಡುತ್ತವೆ. ಬಳಕೆಯ ಬಗ್ಗೆ ಮಾತಾಡುವವರು ಕಡಿಮೆ, ತಮ್ಮ ಮನೆ ವರ್ಷಕ್ಕೆ ಎಷ್ಟು ಯೂನಿಟ್ ಬಳಸುತ್ತದೆ ಎಂದು ಕೇಳಿದರೆ ಥಟ್ಟನೆ ಉತ್ತರಿಸಬಲ್ಲವರು ಇನ್ನೂ ಕಡಿಮೆ. ಬಿಲ್ಲಿನ ಮೊತ್ತ ನೆನಪಿರುತ್ತದೆ, ಯೂನಿಟ್ ನೆನಪಿರುವುದಿಲ್ಲ. ಪೂರೈಕೆದಾರರನ್ನು ಬದಲಿಸಿಯೂ ನಷ್ಟ ಮಾಡಿಕೊಂಡವರ ಕಥೆ ಬಹಳ ಮಟ್ಟಿಗೆ ಈ ಮರೆವಿನಿಂದಲೇ ಶುರುವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಆಯ್ಕೆ ಹುಟ್ಟಿದ್ದು ಹೇಗೆ ಎಂಬುದನ್ನು ಮೊದಲು ನೋಡೋಣ. ಇಪ್ಪತ್ತನೆಯ ಶತಮಾನದ ಬಹುಭಾಗ ವಿದ್ಯುತ್ ಎಂದರೆ ಒಂದೇ ಸಂಸ್ಥೆಯ ಕೆಲಸವಾಗಿತ್ತು: ಉತ್ಪಾದಿಸುವುದು, ಸಾಗಿಸುವುದು, ಹಂಚುವುದು, ಹಣ ವಸೂಲು ಮಾಡುವುದು ಎಲ್ಲವೂ ಒಂದೇ ಸೂರಿನಡಿ. ಇವುಗಳಲ್ಲಿ ತಂತಿಯ ಜಾಲವನ್ನು ಎರಡೆರಡು ಬಾರಿ ಎಳೆಯುವುದು ದುಂದುವೆಚ್ಚ, ಆದ್ದರಿಂದ ಅದು ಏಕಸ್ವಾಮ್ಯವಾಗಿಯೇ ಉಳಿಯಲಿ. ಆದರೆ ಉತ್ಪಾದನೆಯಲ್ಲೂ ಚಿಲ್ಲರೆ ಮಾರಾಟದಲ್ಲೂ ಪೈಪೋಟಿ ಇರಬಹುದಲ್ಲ ಎಂಬ ವಾದ 1980ರ ದಶಕದಲ್ಲಿ ಬಲಗೊಂಡಿತು. ನಾರ್ವೆ 1991ರಲ್ಲಿ ಮಾರುಕಟ್ಟೆಯನ್ನು ತೆರೆಯಿತು. ಬ್ರಿಟನ್ ತನ್ನ ವಿದ್ಯುತ್ ವಲಯವನ್ನು 1990ರಲ್ಲಿ ಖಾಸಗೀಕರಣಗೊಳಿಸಿದರೂ ಮನೆಗಳಿಗೆ ಆಯ್ಕೆಯ ಹಕ್ಕು ಸಿಕ್ಕಿದ್ದು 1998ರ ಸೆಪ್ಟೆಂಬರಿನಿಂದ 1999ರ ಮೇ ತಿಂಗಳವರೆಗೆ ಹಂತಹಂತವಾಗಿ. ಅಮೆರಿಕದ ಟೆಕ್ಸಸ್ ರಾಜ್ಯ ಮತ್ತು ಆಸ್ಟ್ರೇಲಿಯಾದ ವಿಕ್ಟೋರಿಯಾ 2002ರಲ್ಲಿ, ಐರೋಪ್ಯ ಒಕ್ಕೂಟ 2007ರ ಜುಲೈ 1ರಿಂದ, ಜಪಾನ್ 2016ರ ಏಪ್ರಿಲ್ 1ರಿಂದ ಮನೆಬಳಕೆದಾರರಿಗೆ ಈ ಬಾಗಿಲನ್ನು ತೆರೆದವು. ಟೆಕ್ಸಸ್‌ನಲ್ಲೂ ಎಲ್ಲ ಕಡೆ ಅಲ್ಲ. ಆಸ್ಟಿನ್, ಸ್ಯಾನ್ ಆಂಟೋನಿಯೋ ನಗರಗಳು ತಮ್ಮ ನಗರಾಡಳಿತದ ಒಡೆತನದ ಸಂಸ್ಥೆಗಳನ್ನೇ ಉಳಿಸಿಕೊಂಡವು.

ಮುಂಬೈಯಲ್ಲಿ ಇದು ಬೇರೊಂದು ದಾರಿಯಲ್ಲಿ ಬಂತು. ಒಂದೇ ಪ್ರದೇಶದಲ್ಲಿ ಇಬ್ಬರು ಪರವಾನಗಿದಾರರಿರಬಹುದು ಎಂಬ ತತ್ತ್ವದ ಮೇಲೆ 2008ರಲ್ಲಿ ಸುಪ್ರೀಂ ಕೋರ್ಟು ಟಾಟಾ ಪವರ್‌ನ ಚಿಲ್ಲರೆ ಪೂರೈಕೆಯ ಹಕ್ಕನ್ನು ಎತ್ತಿಹಿಡಿಯಿತು. ಇನ್ನೊಂದು ಕಂಪನಿಯ ತಂತಿಯ ಮೂಲಕವೇ ತನ್ನ ಗ್ರಾಹಕರಿಗೆ ವಿದ್ಯುತ್ ಕೊಡಲು ಮಹಾರಾಷ್ಟ್ರದ ನಿಯಂತ್ರಣ ಆಯೋಗ 2009ರಲ್ಲಿ ಅವಕಾಶ ನೀಡಿತು. ಅಲ್ಲಿ ಎದ್ದ ತಕರಾರು ಕುತೂಹಲಕರವಾದುದು. ಹೆಚ್ಚು ಬಳಸುವವರಿಂದ ಹೆಚ್ಚು ವಸೂಲು ಮಾಡಿ ಕಡಿಮೆ ಬಳಸುವವರಿಗೆ ಅಗ್ಗವಾಗಿ ಕೊಡುವ ಪದ್ಧತಿ ಇರುವಲ್ಲಿ, ಹೆಚ್ಚು ಕೊಡುವವರು ಎದ್ದು ಹೋದರೆ ಉಳಿದವರ ರಿಯಾಯಿತಿಯ ಭಾರವನ್ನು ಯಾರು ಹೊರಬೇಕು? ಆ ಭಾರವನ್ನು ತುಂಬಿಕೊಳ್ಳಲು ಹೋಗುವವರ ಮೇಲೆ ಅಡ್ಡ ಸಬ್ಸಿಡಿಯ ಸರ್ಚಾರ್ಜ್ ಎಂಬ ಹೆಚ್ಚುವರಿ ಶುಲ್ಕ ಹಾಕಬೇಕಾಯಿತು, ಸರ್ಚಾರ್ಜ್ ಬಿದ್ದೊಡನೆ ಬದಲಾವಣೆಯ ಲಾಭವೂ ತೆಳುವಾಯಿತು. ಸ್ಲ್ಯಾಬ್ ದರವಿರುವ ಯಾವ ಊರಿನಲ್ಲಾದರೂ ಈ ಪ್ರಶ್ನೆ ಎದುರಾಗದೆ ಇರದು.

ಇನ್ನು ಬಿಲ್ಲಿನ ಒಳಗೆ. ಗ್ರಾಹಕ ಕೊಡುವ ಹಣದಲ್ಲಿ ಒಂದು ಪಾಲು ಸಗಟು ಮಾರುಕಟ್ಟೆಯಲ್ಲಿ ವಿದ್ಯುತ್ ಕೊಳ್ಳಲು ಹೋಗುತ್ತದೆ, ಇನ್ನೊಂದು ಪಾಲು ಹೈಟೆನ್ಷನ್ ತಂತಿಯಿಂದ ಮನೆಯ ಮೀಟರಿನವರೆಗಿನ ಜಾಲದ ಬಾಡಿಗೆಗೆ, ಮತ್ತೊಂದು ಪಾಲು ತೆರಿಗೆ ಹಾಗೂ ಸರ್ಕಾರಿ ಯೋಜನೆಗಳ ವೆಚ್ಚಕ್ಕೆ. ಜಾಲದ ಶುಲ್ಕವನ್ನು ನಿಯಂತ್ರಣ ಸಂಸ್ಥೆ ನಿಗದಿ ಮಾಡುತ್ತದೆ. ಒಂದೇ ಬೀದಿಯಲ್ಲಿರುವವರು ಯಾವ ಕಂಪನಿಯ ಗ್ರಾಹಕರಾದರೂ ಅದು ಒಂದೇ. ತೆರಿಗೆಯೂ ಒಂದೇ. ಚಿಲ್ಲರೆ ಕಂಪನಿಗಳು ಪರಸ್ಪರ ಪೈಪೋಟಿ ನಡೆಸಲು ಉಳಿಯುವುದು ವಿದ್ಯುತ್ತನ್ನು ಎಷ್ಟು ಜಾಣತನದಿಂದ ಮುಂಗಡವಾಗಿ ಕೊಂಡಿಟ್ಟಿದ್ದಾರೆ, ಕಚೇರಿಯನ್ನು ಎಷ್ಟು ಕಡಿಮೆ ಖರ್ಚಿನಲ್ಲಿ ನಡೆಸುತ್ತಾರೆ, ಎಷ್ಟು ಲಾಭಕ್ಕೆ ತೃಪ್ತರಾಗುತ್ತಾರೆ ಎಂಬಷ್ಟು ಮಾತ್ರ. ಆದ್ದರಿಂದ ‘ಅರ್ಧ ಬೆಲೆಗೆ ವಿದ್ಯುತ್’ ಎಂದು ಯಾರಾದರೂ ಹೇಳಿದರೆ ಆ ಅರ್ಧವನ್ನು ಎಲ್ಲಿಂದ ತಂದರು ಎಂದು ಕೇಳುವುದು ನ್ಯಾಯವೇ.

ಈಗ ಬಳಕೆಯ ಮಾತು. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಶಕ್ತಿಯ ಉಪಕರಣ ಒಂದು ಗಂಟೆ ನಡೆದಾಗ ಖರ್ಚಾಗುವ ವಿದ್ಯುತ್. ಇದು ಶಾಲೆಯಲ್ಲಿ ಓದಿದ್ದೇ, ಆದರೆ ಮನೆಯೊಳಗೆ ಇದನ್ನು ಅನ್ವಯಿಸಿದಾಗ ಸಿಗುವ ಅಂಕಿಗಳು ನಮ್ಮ ಸಹಜ ಊಹೆಗೆ ವಿರುದ್ಧವಾಗಿರುತ್ತವೆ. ಹದಿನೈದು ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 0.44 ಯೂನಿಟ್ ಬೇಕು. ಇದು ಗೀಸರಿನ ಬ್ರಾಂಡನ್ನು ಅವಲಂಬಿಸಿದ್ದಲ್ಲ, ನೀರಿನ ಗುಣ. ಅಷ್ಟೇ ವಿದ್ಯುತ್ತಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಎರಡು ದಿನ ಹಗಲೂ ರಾತ್ರಿ ಉರಿಯುತ್ತದೆ, ಮೊಬೈಲ್ ಫೋನ್ ಇಪ್ಪತ್ತಕ್ಕೂ ಹೆಚ್ಚು ಬಾರಿ ಚಾರ್ಜ್ ಆಗುತ್ತದೆ. ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಮನೆಯ ಹಿರಿಯರು ಗದರುತ್ತಾರೆ. ಐವತ್ತು ಲೀಟರಿನ ಬಾಯ್ಲರು ಯಾರೂ ಸ್ನಾನ ಮಾಡದ ಹೊತ್ತಿನಲ್ಲಿ ಆರಿದ ನೀರನ್ನು ಮತ್ತೆ ಮತ್ತೆ ಕಾಯಿಸುತ್ತಿದ್ದರೆ ಯಾರೂ ಗದರುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಬಿಸಿ ಮಾಡುವುದು ಮತ್ತು ತಣ್ಣಗೆ ಮಾಡುವುದು, ಮನೆಯ ವಿದ್ಯುತ್ತನ್ನು ನುಂಗುವ ಎರಡು ಮುಖ್ಯ ಕೆಲಸಗಳು ಇವೇ. ಉಳಿದವು ಚಿಲ್ಲರೆ. ಆದರೆ ಚಿಲ್ಲರೆಯಲ್ಲೂ ಒಂದು ಗಮನಿಸಬೇಕಾದದ್ದಿದೆ: ಎಂದೂ ನಿಲ್ಲದ ಬಳಕೆ. ವರ್ಷಕ್ಕೆ 8,760 ಗಂಟೆಗಳು. ಸದಾ ಚಾಲೂ ಇರುವ ಒಂದೊಂದು ವ್ಯಾಟ್ ವರ್ಷದ ಕೊನೆಗೆ 8.76 ಯೂನಿಟ್ ಆಗುತ್ತದೆ. ಇದನ್ನು ಅಳೆಯಲು ಯಾವ ಯಂತ್ರವೂ ಬೇಡ. ಒಂದು ರಾತ್ರಿ ಮಲಗುವ ಮೊದಲು, ಗೀಸರ್, ಎಸಿ, ಹೀಟರ್ ಎಲ್ಲ ಆರಿಸಿದ ಮೇಲೆ, ಮೀಟರಿನ ಅಂಕಿಯನ್ನು ದಶಮಾಂಶದ ಸಹಿತ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ಯಾವ ಸ್ವಿಚ್ಚನ್ನೂ ಮುಟ್ಟುವ ಮೊದಲು ಮತ್ತೆ ನೋಡಿ. ಏಳು ಗಂಟೆಯಲ್ಲಿ 1.4 ಯೂನಿಟ್ ಓಡಿದ್ದರೆ ಮನೆ ನಿದ್ದೆಯಲ್ಲೂ 200 ವ್ಯಾಟ್ ಎಳೆಯುತ್ತಿದೆ ಎಂದರ್ಥ. ವರ್ಷಕ್ಕೆ ಅದು 1,752 ಯೂನಿಟ್. ಬ್ರಿಟನ್ನಿನ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್ ‘ಸಾಮಾನ್ಯ ಮನೆ’ಯ ವಾರ್ಷಿಕ ಬಳಕೆಯೆಂದು 2023ರಲ್ಲಿ ನಿಗದಿ ಮಾಡಿದ ಅಂಕಿಯೇ 2,700 ಯೂನಿಟ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆ ರಾತ್ರಿಯ ಎಳೆತದಲ್ಲಿ ಫ್ರಿಜ್ ಇರುತ್ತದೆ, ಅದು ಇರಲೇಬೇಕು; ಆದರೆ ಹಳೆಯ ಎರಡನೆಯ ಫ್ರಿಜ್, ಸೆಟ್‌ಟಾಪ್ ಬಾಕ್ಸ್, ಯಾರೂ ನೋಡದ ಮೀನಿನ ತೊಟ್ಟಿಯ ಹೀಟರ್ ಸಹ ಇರಬಹುದು.

ವರ್ಷದ ಯೂನಿಟ್ಟೆಷ್ಟು, ಯಾವ ತಿಂಗಳಲ್ಲಿ ಹೆಚ್ಚು, ದಿನದ ಯಾವ ಹೊತ್ತಿನಲ್ಲಿ ಹೆಚ್ಚು: ಈ ಮೂರು ತಿಳಿಯದೆ ದರಪಟ್ಟಿಗಳನ್ನು ಹೋಲಿಸುವುದು ಅಳತೆ ಕೊಡದೆ ಅಂಗಿ ಹೊಲಿಸಿದಂತೆ. ತೀರ ಸರಳವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ, ನಾಣ್ಯ ಯಾವುದಾದರೂ ಇರಲಿ. ಮೊದಲ ಯೋಜನೆಯಲ್ಲಿ ತಿಂಗಳಿಗೆ 300 ನಿಗದಿತ ಶುಲ್ಕ, ಯೂನಿಟ್ಟಿಗೆ 6. ಎರಡನೆಯದರಲ್ಲಿ ನಿಗದಿತ ಶುಲ್ಕ 100, ಯೂನಿಟ್ಟಿಗೆ 8. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ಎರಡೂ 900ಕ್ಕೇ ಬಂದು ನಿಲ್ಲುತ್ತವೆ. 50 ಯೂನಿಟ್ ಬಳಸುವ ಒಂಟಿ ಜೀವಕ್ಕೆ ಮೊದಲನೆಯದು 600, ಎರಡನೆಯದು 500. 250 ಯೂನಿಟ್ ಬಳಸುವ ಕುಟುಂಬಕ್ಕೆ ಮೊದಲನೆಯದು 1,800, ಎರಡನೆಯದು 2,100. ‘ಯಾವುದು ಅಗ್ಗ?’ ಎಂಬ ಪ್ರಶ್ನೆಗೆ ‘ಯಾರಿಗೆ?’ ಎಂಬ ಮರುಪ್ರಶ್ನೆಯನ್ನು ಬಿಟ್ಟು ಉತ್ತರವಿಲ್ಲ. ನೆರೆಮನೆಯವರ ಉಳಿತಾಯ ನಮ್ಮ ಉಳಿತಾಯವಾಗಬೇಕೆಂದಿಲ್ಲ.

ದರಪಟ್ಟಿ ಬರೆಯುವವರಿಗೆ ಈ ಗಣಿತ ನಮಗಿಂತ ಚೆನ್ನಾಗಿ ಗೊತ್ತು. ಟೆಕ್ಸಸ್‌ನಲ್ಲಿ ಪ್ರತಿಯೊಂದು ಯೋಜನೆಯೂ 500, 1,000 ಮತ್ತು 2,000 ಯೂನಿಟ್ ಬಳಕೆಗೆ ಸರಾಸರಿ ದರ ಎಷ್ಟಾಗುತ್ತದೆ ಎಂಬುದನ್ನು ಒಂದು ಪ್ರಮಾಣಿತ ಪತ್ರದಲ್ಲಿ ತೋರಿಸಬೇಕು ಎಂಬ ನಿಯಮವಿದೆ. ಒಳ್ಳೆಯ ಉದ್ದೇಶದ ನಿಯಮ. ಆದರೆ ಪರೀಕ್ಷೆಯ ಪ್ರಶ್ನೆ ಮೊದಲೇ ಗೊತ್ತಿದ್ದರೆ ವಿದ್ಯಾರ್ಥಿ ಅಷ್ಟನ್ನೇ ಓದುತ್ತಾನೆ. ಬಳಕೆ ಸರಿಯಾಗಿ 1,000 ಯೂನಿಟ್ ಮುಟ್ಟಿದಾಗ ಮಾತ್ರ ದೊಡ್ಡ ಮೊತ್ತವನ್ನು ಬಿಲ್ಲಿನಿಂದ ಕಳೆಯುವ ಯೋಜನೆಗಳು ಅಲ್ಲಿ ಹುಟ್ಟಿಕೊಂಡವು. ಊಹೆಯ ಅಂಕಿಗಳಲ್ಲಿ ಹೇಳುವುದಾದರೆ, ಯೂನಿಟ್ಟಿಗೆ 15 ಸೆಂಟ್, 1,000 ಯೂನಿಟ್ ಮುಟ್ಟಿದರೆ 100 ಡಾಲರ್ ಕಡಿತ ಎಂದಿಟ್ಟುಕೊಳ್ಳಿ. 1,000 ಯೂನಿಟ್ಟಿಗೆ ಬಿಲ್ 50 ಡಾಲರ್, ಸರಾಸರಿ ಐದೇ ಸೆಂಟ್, ಹೋಲಿಕೆ ಪಟ್ಟಿಯ ತುತ್ತತುದಿಯಲ್ಲಿ ಜಾಗ. ಒಂದು ತಂಪಾದ ತಿಂಗಳಿನಲ್ಲಿ ಬಳಕೆ 990ಕ್ಕೆ ಇಳಿದರೆ ಬಿಲ್ 148 ಡಾಲರ್ 50 ಸೆಂಟ್. ಹತ್ತು ಯೂನಿಟ್ ಉಳಿಸಿದ್ದಕ್ಕೆ ಸುಮಾರು ನೂರು ಡಾಲರ್ ದಂಡ! ಮಿತವ್ಯಯವನ್ನು ಇದಕ್ಕಿಂತ ನೇರವಾಗಿ ಶಿಕ್ಷಿಸುವ ದರಪಟ್ಟಿಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟ.

ಆಸ್ಟ್ರೇಲಿಯಾದಲ್ಲಿ ಚಮತ್ಕಾರ ಬೇರೆ ರೂಪದಲ್ಲಿತ್ತು. ಪ್ರತಿ ಕಂಪನಿಯೂ ‘ಶೇಕಡಾ ಇಷ್ಟು ರಿಯಾಯಿತಿ’ ಎಂದು ಸಾರುತ್ತಿತ್ತು, ಆದರೆ ರಿಯಾಯಿತಿ ಯಾವ ಮೂಲ ದರದ ಮೇಲೆ ಎಂಬುದನ್ನು ಆಯಾ ಕಂಪನಿಯೇ ನಿರ್ಧರಿಸುತ್ತಿತ್ತು. ಯೂನಿಟ್ಟಿಗೆ 40 ಸೆಂಟ್ ಎಂದು ಏರಿಸಿ ಬರೆದು ಶೇ 25 ಕಡಿದರೂ 30 ಸೆಂಟ್. ರಿಯಾಯಿತಿಯ ಮಾತೇ ಆಡದೆ 28 ಸೆಂಟಿಗೆ ಕೊಡುವವನು ಮೂಲೆಗುಂಪು. ಜೊತೆಗೆ, ಸಮಯಕ್ಕೆ ಸರಿಯಾಗಿ ಹಣ ಕಟ್ಟದಿದ್ದರೆ ಆ ರಿಯಾಯಿತಿ ಪೂರ್ತಿ ಹೋಗುತ್ತಿತ್ತು, ಹೀಗಾಗಿ ಕೈಯಲ್ಲಿ ಹಣವಿಲ್ಲದವರೇ ಅತಿ ದುಬಾರಿ ದರ ತೆರುತ್ತಿದ್ದರು. ಅಲ್ಲಿನ ಸ್ಪರ್ಧಾ ಆಯೋಗ 2018ರ ವರದಿಯಲ್ಲಿ ಇದನ್ನು ಬಿಡಿಸಿ ಹೇಳಿದ ಮೇಲೆ, 2019ರ ಜುಲೈ 1ರಿಂದ ಎಲ್ಲರೂ ಒಂದೇ ಉಲ್ಲೇಖ ದರಕ್ಕೆ ಹೋಲಿಸಿಯೇ ರಿಯಾಯಿತಿಯನ್ನು ಹೇಳಬೇಕು ಎಂಬ ನಿಯಮ ಬಂತು. ಬ್ರಿಟನ್ನು ಇನ್ನೊಂದು ದಾರಿ ಹಿಡಿದು, ಒಂದು ಕಂಪನಿ ನಾಲ್ಕಕ್ಕಿಂತ ಹೆಚ್ಚು ಯೋಜನೆಗಳನ್ನು ಇಡಕೂಡದೆಂದು ಕೆಲಕಾಲ ಕಟ್ಟಿಹಾಕಿತು. ಅದರಿಂದ ಪೈಪೋಟಿಯೇ ಸೊರಗಿತೆಂಬ ದೂರು ಬಂದು ಆ ನಿಯಮವನ್ನೇ ಕೈಬಿಟ್ಟಿತು.

ಇಷ್ಟೆಲ್ಲ ಇದ್ದೂ ಬದಲಿಸಿದವರಿಗೆ ಲಾಭವಾಯಿತೇ? ಆಗಿದೆ, ಆದರೆ ಆ ಲಾಭ ಯಾರ ಜೇಬಿನಿಂದ ಬಂತು ಎಂಬುದನ್ನೂ ನೋಡಬೇಕು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2016ರಲ್ಲಿ ಮುಗಿಸಿದ ತನಿಖೆಯ ಪ್ರಕಾರ, ಆರು ದೊಡ್ಡ ಕಂಪನಿಗಳ ಮನೆಬಳಕೆದಾರರಲ್ಲಿ ಸುಮಾರು ಶೇ 70ರಷ್ಟು ಮಂದಿ ತಾವಾಗಿ ಯಾವ ಯೋಜನೆಯನ್ನೂ ಆರಿಸದೆ ಕಂಪನಿ ಹಾಕಿದ ದುಬಾರಿ ಡೀಫಾಲ್ಟ್ ದರದಲ್ಲೇ ಇದ್ದರು. ಮಾರುಕಟ್ಟೆ ಸರಿಯಾಗಿ ಕೆಲಸ ಮಾಡಿದ್ದರೆ ಕೊಡಬೇಕಾಗಿದ್ದಕ್ಕಿಂತ ವರ್ಷಕ್ಕೆ ಸರಾಸರಿ 140 ಕೋಟಿ ಪೌಂಡನ್ನು ಜನ ಹೆಚ್ಚಾಗಿ ತೆತ್ತಿದ್ದರು. ಹೊಸ ಗ್ರಾಹಕನಿಗೆ ಒಂದು ವರ್ಷ ಅಗ್ಗದ ದರದ ಬೆಲ್ಲ, ಅವಧಿ ಮುಗಿದ ಮೇಲೆ ಸದ್ದಿಲ್ಲದೆ ದುಬಾರಿ ದರಕ್ಕೆ ವರ್ಗಾವಣೆ: ಇದು ಆಕಸ್ಮಿಕವಲ್ಲ, ವ್ಯಾಪಾರದ ಮಾದರಿಯೇ ಅದು. ಬದಲಿಸುವವನಿಗೆ ಕೊಡುವ ಬಹುಮಾನವನ್ನು ಬದಲಿಸದವನಿಂದ ವಸೂಲು ಮಾಡಲಾಗುತ್ತದೆ. ಬದಲಿಸದವರೆಂದರೆ ಹೆಚ್ಚಾಗಿ ವಯಸ್ಸಾದವರು, ಕಡಿಮೆ ಓದಿದವರು, ಬಾಡಿಗೆ ಮನೆಯವರು, ಇಂಟರ್‌ನೆಟ್ ಬಳಸದವರು. ‘ಜನ ಸೋಮಾರಿಗಳು, ಅನುಭವಿಸಲಿ’ ಎನ್ನುವ ವಾದವನ್ನು ನಾನು ಒಪ್ಪಲಾರೆ. ದೀಪ ಉರಿಸುವುದಕ್ಕೆ ವರ್ಷವರ್ಷವೂ ಪರೀಕ್ಷೆ ಪಾಸು ಮಾಡಬೇಕೆಂಬುದು ನ್ಯಾಯವಾದ ಷರತ್ತಲ್ಲ.

ಬದಲಿಸಿದವರೆಲ್ಲರೂ ಗೆದ್ದರೆಂದೂ ಅಲ್ಲ. ಬ್ರಿಟನ್ನಿನ ಗ್ರಾಹಕರ ಬಗ್ಗೆ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಬೆಲೆಯ ಕಾರಣಕ್ಕಾಗಿಯೇ ಕಂಪನಿ ಬದಲಿಸಿದವರಲ್ಲೂ ಕನಿಷ್ಠ ಶೇ 17ರಷ್ಟು ಮಂದಿ ಮೊದಲಿಗಿಂತ ದುಬಾರಿಯಾದ ಕಡೆಗೇ ಹೋಗಿದ್ದರು ಎಂದು ತೋರಿಸಿತು. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2018ರಲ್ಲಿ ಹೊರತಂದ ವರದಿಯಂತೂ ಇನ್ನೂ ಕಟುವಾಗಿತ್ತು: 2015ರ ಜುಲೈಯಿಂದ 2017ರ ಜೂನ್‌ವರೆಗಿನ ಎರಡು ವರ್ಷಗಳಲ್ಲಿ ಪೈಪೋಟಿಯ ಕಂಪನಿಗಳಿಗೆ ಹೋದ ಮನೆಗಳು, ಹಳೆಯ ಸಂಸ್ಥೆಯಲ್ಲೇ ಉಳಿದಿದ್ದರೆ ಕೊಡುತ್ತಿದ್ದುದಕ್ಕಿಂತ ಒಟ್ಟು 17.68 ಕೋಟಿ ಡಾಲರ್ ಹೆಚ್ಚು ಕೊಟ್ಟಿದ್ದವು, ಮತ್ತು ಬಡ ಕುಟುಂಬಗಳೇ ಹೆಚ್ಚು ಪೆಟ್ಟು ತಿಂದಿದ್ದವು. ಮನೆಬಾಗಿಲಿಗೆ ಬಂದು ‘ನಿಮ್ಮ ಇತ್ತೀಚಿನ ಬಿಲ್ ಒಮ್ಮೆ ತೋರಿಸಿ’ ಎನ್ನುವ ಮಾರಾಟಗಾರನಿಗೆ ಬೇಕಾಗಿರುವುದು ಬಿಲ್ಲಿನ ಮೇಲಿನ ಖಾತೆ ಸಂಖ್ಯೆ. ಅದು ಸಿಕ್ಕರೆ ಬದಲಾವಣೆಯ ಅರ್ಧ ಕೆಲಸ ಮುಗಿದಂತೆ.

ಬ್ರಿಟನ್ 2019ರ ಜನವರಿ 1ರಿಂದ ಡೀಫಾಲ್ಟ್ ದರಕ್ಕೆ ಬೆಲೆ ಮಿತಿ ಹಾಕಿತು. ಈ ಮಿತಿಯ ಬಗ್ಗೆ ಅಲ್ಲಿಯೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಸುದ್ದಿಯಲ್ಲಿ ‘ಇಷ್ಟು ಸಾವಿರ ಪೌಂಡ್’ ಎಂದು ಬರುವುದು ಬಿಲ್ಲಿನ ಗರಿಷ್ಠ ಮೊತ್ತವಲ್ಲ. ಮಿತಿ ಇರುವುದು ಯೂನಿಟ್ ದರಕ್ಕೆ ಮತ್ತು ದಿನದ ನಿಗದಿತ ಶುಲ್ಕಕ್ಕೆ. ‘ಸಾಮಾನ್ಯ ಮನೆ’ಯಷ್ಟು ಬಳಸಿದರೆ ವರ್ಷದ ಬಿಲ್ ಅಷ್ಟಾಗುತ್ತದೆ ಎಂದಷ್ಟೇ ಆ ಅಂಕಿಯ ಅರ್ಥ. ಹೆಚ್ಚು ಬಳಸಿದರೆ ಬಿಲ್ಲೂ ಹೆಚ್ಚು.

ದರ ಕಡಿಮೆಯೋ ಹೆಚ್ಚೋ ಎಂಬುದಕ್ಕಿಂತ ಆಳವಾದ ಪ್ರಶ್ನೆ, ಬೆಲೆ ಏರಿದಾಗ ಅಪಾಯ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದು. ಸ್ಥಿರ ದರದ ಒಪ್ಪಂದದಲ್ಲಿ ಗ್ರಾಹಕ ಒಂದು ಬಗೆಯ ವಿಮೆಯನ್ನೂ ಕೊಳ್ಳುತ್ತಾನೆ, ಅದಕ್ಕೆ ಬೆಲೆಯಿದೆ. ಬದಲಾಗುವ ದರದಲ್ಲಿ ಅಪಾಯವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಸಗಟು ಬೆಲೆಗೇ ನೇರವಾಗಿ ಕಟ್ಟಿದ ಯೋಜನೆಯಲ್ಲಿ ಇಡೀ ಅಪಾಯ ಮನೆಯವರದೇ. ಟೆಕ್ಸಸ್‌ನಲ್ಲಿ ಗ್ರಿಡ್ಡಿ ಎಂಬ ಕಂಪನಿ ತಿಂಗಳಿಗೆ 9.99 ಡಾಲರ್ ಸದಸ್ಯತ್ವ ಶುಲ್ಕಕ್ಕೆ ಸಗಟು ಬೆಲೆಯಲ್ಲೇ ವಿದ್ಯುತ್ ಕೊಡುತ್ತಿತ್ತು. ಬಹುಕಾಲ ಅದು ನಿಜಕ್ಕೂ ಅಗ್ಗವಾಗಿಯೇ ಇತ್ತು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ವಿದ್ಯುತ್ ಸ್ಥಾವರಗಳು, ಅನಿಲ ಪೂರೈಕೆ ಎರಡೂ ಕುಸಿದು ಸಗಟು ಬೆಲೆ ಅಲ್ಲಿನ ಆಗಿನ ಗರಿಷ್ಠ ಮಿತಿಯಾದ ಯೂನಿಟ್ಟಿಗೆ 9 ಡಾಲರ್ ತಲುಪಿ ದಿನಗಟ್ಟಲೆ ಅಲ್ಲೇ ನಿಂತಿತು. ಚಳಿಗೆ ಹೀಟರ್ ಹಾಕಿಕೊಂಡ ಮನೆಗಳಿಗೆ ಕೆಲವೇ ದಿನಗಳಲ್ಲಿ ಸಾವಿರಾರು ಡಾಲರಿನ ಬಿಲ್ ಬಂತು. ಮುಂದಿನ ತಿಂಗಳು ಕಂಪನಿ ದಿವಾಳಿ ಅರ್ಜಿ ಹಾಕಿತು, ಅದೇ ವರ್ಷ ಟೆಕ್ಸಸ್ ಶಾಸನಸಭೆ ಮನೆಗಳಿಗೆ ಇಂಥ ಯೋಜನೆ ಮಾರುವುದನ್ನೇ ನಿಷೇಧಿಸಿತು. ಜಪಾನಿನಲ್ಲೂ 2021ರ ಜನವರಿಯಲ್ಲಿ ವಿದ್ಯುತ್ ವಿನಿಮಯ ಕೇಂದ್ರದ ಸಗಟು ಬೆಲೆ ಯೂನಿಟ್ಟಿಗೆ 251 ಯೆನ್ ಮುಟ್ಟಿದಾಗ ಮಾರುಕಟ್ಟೆ ಬೆಲೆಯ ಯೋಜನೆಯಲ್ಲಿದ್ದವರು ಇದೇ ಸಂಕಟಕ್ಕೆ ಸಿಕ್ಕಿದರು.

ಅಪಾಯವನ್ನು ಕಂಪನಿ ಹೊತ್ತಿದ್ದರೂ ಗ್ರಾಹಕ ಪೂರ್ತಿ ಪಾರಾಗುವುದಿಲ್ಲ ಎಂಬುದನ್ನು ಅದೇ ವರ್ಷ ಬ್ರಿಟನ್ ತೋರಿಸಿತು. ವಿದ್ಯುತ್ ಉತ್ಪಾದನೆಗೂ ಬೇಕಾದ ಅನಿಲದ ಸಗಟು ಬೆಲೆ ಗಗನಕ್ಕೇರಿದಾಗ, ಮುಂಗಡ ಖರೀದಿ ಮಾಡಿಟ್ಟುಕೊಳ್ಳದೆ ಅಗ್ಗದ ದರದ ಆಸೆ ತೋರಿಸಿ ಗ್ರಾಹಕರನ್ನು ಗುಡ್ಡೆ ಹಾಕಿಕೊಂಡಿದ್ದ ಸಣ್ಣ ಕಂಪನಿಗಳು ಒಂದರ ಹಿಂದೊಂದು ಮುಳುಗಿದವು. ಹದಿನೈದು ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದ ಬಲ್ಬ್ ಎಂಬ ಕಂಪನಿಯನ್ನು 2021ರ ನವೆಂಬರಿನಲ್ಲಿ ವಿಶೇಷ ಆಡಳಿತಕ್ಕೆ ಒಪ್ಪಿಸಬೇಕಾಯಿತು. ಮುಳುಗಿದ ಕಂಪನಿಯ ಗ್ರಾಹಕರನ್ನು ನಿಯಂತ್ರಣ ಸಂಸ್ಥೆ ಇನ್ನೊಂದು ಕಂಪನಿಗೆ ವಹಿಸುವ ಏರ್ಪಾಡು ಅಲ್ಲಿದೆ. ಯಾರ ಮನೆಯಲ್ಲೂ ವಿದ್ಯುತ್ ನಿಲ್ಲಲಿಲ್ಲ, ಮುಂಗಡವಾಗಿ ಕಟ್ಟಿದ್ದ ಹಣಕ್ಕೂ ರಕ್ಷಣೆ ಸಿಕ್ಕಿತು. ಆದರೆ ಆ ರಕ್ಷಣೆಯ ಖರ್ಚು, ಬಲ್ಬ್‌ನದನ್ನು ಬಿಟ್ಟು, ಸುಮಾರು 270 ಕೋಟಿ ಪೌಂಡ್ ಎಂದು ಅಲ್ಲಿನ ಲೆಕ್ಕ ಪರಿಶೋಧನಾ ಸಂಸ್ಥೆ ಅಂದಾಜಿಸಿತು. ಅದು ಹಂಚಿಕೆಯಾದದ್ದು ಎಲ್ಲರ ಬಿಲ್ಲಿನ ಮೇಲೆ, ಮನೆಯೊಂದಕ್ಕೆ 94 ಪೌಂಡಿನಂತೆ. ಅಗ್ಗದ ಕಂಪನಿಯ ಕಡೆಗೆ ತಿರುಗಿಯೂ ನೋಡದವರು ಆ ಅಗ್ಗದ ಬಾಕಿಯನ್ನು ತೀರಿಸಿದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಮಾತು ನೆನಪಾಗುವುದು ಇಂಥಲ್ಲೇ.

ಸ್ಮಾರ್ಟ್ ಮೀಟರುಗಳು ಬಂದ ಮೇಲೆ ಹೋಲಿಕೆಗೆ ಮೂರನೆಯ ಆಯಾಮ ಸೇರಿದೆ, ಅದು ಹೊತ್ತು. ಹಗಲು ರಾತ್ರಿಗೆ ಬೇರೆ ಬೇರೆ ದರ ಎಂಬುದು ಹೊಸ ಸಂಗತಿಯಲ್ಲ. ಬ್ರಿಟನ್ನಿನಲ್ಲಿ ರಾತ್ರಿಯ ಏಳು ಗಂಟೆಗಳ ಕಾಲ ಅಗ್ಗವಾಗಿ ಕೊಡುವ ‘ಎಕಾನಮಿ 7’ ದರ 1978ರಿಂದಲೂ ಇದೆ. ಆದರೆ ಅದರ ಹಗಲಿನ ದರ ಸಾಮಾನ್ಯ ದರಕ್ಕಿಂತ ಹೆಚ್ಚು, ಆದ್ದರಿಂದ ರಾತ್ರಿಯಲ್ಲಿ ನೀರು ಕಾಯಿಸುವ, ಶಾಖವನ್ನು ಕೂಡಿಡುವ ಹೀಟರ್ ಇರುವ ಮನೆಗಳಿಗೆ ಮಾತ್ರ ಅದು ಒಪ್ಪುತ್ತಿತ್ತು. ಈಗ ಅರ್ಧ ಗಂಟೆಗೊಮ್ಮೆ ಅಳೆಯುವ ಮೀಟರುಗಳಿಂದಾಗಿ ದರವೂ ಅಷ್ಟೇ ಸೂಕ್ಷ್ಮವಾಗಿ ಏರಿಳಿಯಬಹುದು. ಎರಡು ಲಕ್ಷಕ್ಕಿಂತ ಹೆಚ್ಚು ಗ್ರಾಹಕರಿರುವ ಪ್ರತಿ ಕಂಪನಿಯೂ, ಸ್ಮಾರ್ಟ್ ಮೀಟರ್ ಇರುವ ಗ್ರಾಹಕ ಕೇಳಿದರೆ, ಮಾರುಕಟ್ಟೆಯೊಂದಿಗೆ ಏರಿಳಿಯುವ ದರದ ಒಪ್ಪಂದವನ್ನು ಕೊಡಲೇಬೇಕು ಎಂದು ಐರೋಪ್ಯ ಒಕ್ಕೂಟದ 2019ರ ನಿರ್ದೇಶನ ಹೇಳುತ್ತದೆ. ವಿದ್ಯುತ್ ಕಾರನ್ನು ರಾತ್ರಿ ಚಾರ್ಜ್ ಮಾಡಬಲ್ಲವರಿಗೆ, ಬಟ್ಟೆ ಒಗೆಯುವುದನ್ನು ಬಿಸಿಲಿನ ಮಧ್ಯಾಹ್ನಕ್ಕೆ ತಳ್ಳಬಲ್ಲವರಿಗೆ ಇದು ನಿಜವಾದ ಅವಕಾಶ. ಸಂಜೆ ಆರಕ್ಕೆ ಕೆಲಸದಿಂದ ಬಂದು ಅಡುಗೆಯನ್ನೂ ಮಕ್ಕಳ ಸ್ನಾನವನ್ನೂ ಎಂಟರೊಳಗೆ ಮುಗಿಸಬೇಕಾದ ಮನೆಗೆ ಅದೇ ಯೋಜನೆ ಬರೆ. ಯಾವ ಯಂತ್ರವನ್ನು ಯಾವ ಹೊತ್ತಿಗೆ ಮುಂದೂಡಬಹುದು ಎಂಬ ಪಟ್ಟಿ ಮಾಡಿ ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ಮುಂದೂಡಲು ಏನೂ ಇಲ್ಲವೆಂದಾದರೆ ಸಮತಟ್ಟಾದ ದರವೇ ಲೇಸು.

ಬದಲಿಸುವ ಕ್ರಿಯೆಯೇನೋ ದಿನೇ ದಿನೇ ಸುಲಭವಾಗುತ್ತಿದೆ. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಬ್ರಿಟನ್ನಿನಲ್ಲಿ 2022ರ ಜುಲೈಯಿಂದ ಐದು ಕೆಲಸದ ದಿನಗಳಿಗೆ ಇಳಿದಿದೆ. ತಾಂತ್ರಿಕ ಭಾಗ 24 ಗಂಟೆಯೊಳಗೆ ಮುಗಿಯಬೇಕೆಂದು ಐರೋಪ್ಯ ಒಕ್ಕೂಟ 2026ರ ಗಡುವು ಹಾಕಿತ್ತು. ಅರ್ಜಿ, ಹಳೆಯ ಕಂಪನಿಗೆ ತಿಳಿಸುವುದು, ಮೀಟರ್ ಸಂಖ್ಯೆಯ ವರ್ಗಾವಣೆ ಎಲ್ಲವನ್ನೂ ಹೊಸ ಕಂಪನಿಯೇ ನೋಡಿಕೊಳ್ಳುತ್ತದೆ. ತೊಡಕು ಹುಟ್ಟುವುದು ಬೇರೆ ಕಡೆ. ಹಳೆಯ ಒಪ್ಪಂದದಲ್ಲಿ ಅವಧಿಗೆ ಮೊದಲು ಬಿಟ್ಟರೆ ಕಟ್ಟಬೇಕಾದ ಶುಲ್ಕವಿದೆಯೇ ಎಂಬುದನ್ನು ನೋಡದೆ ಹೊರಟವರ ಉಳಿತಾಯ ಅಲ್ಲೇ ಕರಗುತ್ತದೆ. ಬ್ಯಾಂಕಿನಿಂದ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಸಮಾನ ಕಂತಿನಲ್ಲಿ ಕಟ್ಟುತ್ತಿದ್ದರೆ, ಬಳಕೆ ಕಡಿಮೆಯಿರುವ ತಿಂಗಳುಗಳಲ್ಲಿ ಜಮೆಯಾದ ಹೆಚ್ಚುವರಿ ಹಣ ಹಳೆಯ ಕಂಪನಿಯಲ್ಲೇ ಇರುತ್ತದೆ, ಅದನ್ನು ಕೇಳಿ ಪಡೆಯಬೇಕು. ಹೋಲಿಕೆ ಮಾಡುವ ಜಾಲತಾಣಗಳನ್ನು ಬಳಸುವುದಾದರೆ, ನಿಯಂತ್ರಣ ಸಂಸ್ಥೆಗಳೇ ನಡೆಸುವ ತಾಣಕ್ಕೂ ಕಂಪನಿಗಳಿಂದ ಕಮಿಷನ್ ಪಡೆಯುವ ತಾಣಕ್ಕೂ ವ್ಯತ್ಯಾಸವಿದೆ. ಎರಡನೆಯ ಬಗೆಯವು ಕಮಿಷನ್ ಕೊಡದವರ ಯೋಜನೆಗಳನ್ನು ಮೊದಲ ನೋಟಕ್ಕೆ ತೋರಿಸದೆ ಇರಬಹುದು. ಮನೆಯ ಮಾಡಿನ ಮೇಲೆ ಸೋಲಾರ್ ಫಲಕಗಳಿದ್ದರೆ ಲೆಕ್ಕ ಇಮ್ಮಡಿಯಾಗುತ್ತದೆ, ಏಕೆಂದರೆ ಕೊಳ್ಳುವ ದರದ ಜೊತೆಗೆ ಮಾರುವ ದರವನ್ನೂ ಹೋಲಿಸಬೇಕು, ಒಂದರಲ್ಲಿ ಉದಾರಿಯಾದವನು ಇನ್ನೊಂದರಲ್ಲಿ ಜಿಪುಣನಾಗಿರುವುದು ಸಾಮಾನ್ಯ.

ಎಲ್ಲಕ್ಕಿಂತ ಹೆಚ್ಚು ಜಗಳ ಹುಟ್ಟುವುದು ಅಂದಾಜು ಬಿಲ್ಲಿನಿಂದ. ಮೀಟರ್ ಓದಲು ಯಾರೂ ಬರದ ತಿಂಗಳುಗಳಲ್ಲಿ ಕಂಪನಿ ಹಿಂದಿನ ಬಳಕೆಯ ಮೇಲೆ ಒಂದು ಅಂಕಿ ಹಾಕಿರುತ್ತದೆ. ಅಂದಾಜು ಕಡಿಮೆಯಿದ್ದರೆ ಗ್ರಾಹಕ ತನ್ನ ಬಳಕೆ ಇಳಿದಿದೆ ಎಂದೇ ನಂಬುತ್ತಾನೆ, ಆ ಅಂಕಿಯನ್ನೇ ಹೊಸ ಕಂಪನಿಗೆ ಕೊಟ್ಟು ದರ ಕೇಳುತ್ತಾನೆ, ಕೊನೆಗೆ ನಿಜವಾದ ರೀಡಿಂಗ್ ಬಂದಾಗ ಹಳೆಯ ಬಾಕಿಯೂ ಹೊಸ ದುಬಾರಿ ಕಂತೂ ಒಟ್ಟಿಗೆ ಬರುತ್ತವೆ. ಕಂಪನಿಯದೇ ತಪ್ಪಿನಿಂದ ಬಿಲ್ಲಾಗದೆ ಉಳಿದ ಬಳಕೆಯಲ್ಲಿ ಒಂದು ವರ್ಷಕ್ಕಿಂತ ಹಳೆಯದನ್ನು ಮನೆಗಳಿಂದ ವಸೂಲು ಮಾಡಕೂಡದೆಂದು ಬ್ರಿಟನ್ 2018ರಲ್ಲಿ ನಿಯಮ ತಂದದ್ದು ಇಂಥ ದೂರುಗಳ ಹಿನ್ನೆಲೆಯಲ್ಲೇ. ಆದ್ದರಿಂದ ಬದಲಾವಣೆಯ ದಿನ ಬೆಳಿಗ್ಗೆ ಮೀಟರಿನ ಅಂಕಿ ಮತ್ತು ಅದರ ಸರಣಿ ಸಂಖ್ಯೆ ಎರಡೂ ಕಾಣುವಂತೆ ಒಂದು ಫೋಟೋ ತೆಗೆದು, ಅದೇ ಅಂಕಿಯನ್ನು ಎರಡೂ ಕಂಪನಿಗಳಿಗೆ ಕಳುಹಿಸಬೇಕು. ಹಳೆಯವರ ಕೊನೆಯ ಬಿಲ್ ನಿಂತ ಅಂಕಿಯೂ ಹೊಸಬರ ಮೊದಲ ಬಿಲ್ ಹೊರಟ ಅಂಕಿಯೂ ಒಂದೇ ಆಗಿದೆಯೇ ಎಂದು ತಾಳೆ ನೋಡಬೇಕು. ನಡುವೆ ಹತ್ತು ಯೂನಿಟ್ಟಿನ ಅಂತರವಿದ್ದರೂ ಆ ಹತ್ತು ಯೂನಿಟ್ಟಿಗೆ ಇಬ್ಬರೂ ದುಡ್ಡು ಕೇಳುವ ಸಂದರ್ಭ ಬರಬಹುದು. ಅದೇ ದಿನ ಹೊಸ ಒಪ್ಪಂದದ ಕೊನೆಯ ತಾರೀಖನ್ನು ನೋಡಿ, ಅದಕ್ಕೆ ಆರು ವಾರ ಮೊದಲಿನ ಒಂದು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಆ ದಿನ ಮತ್ತೆ ಮೀಟರ್ ನೋಡಿದರೆ, ಕಂಪನಿ ಅಂದಾಜಿಸಿದ್ದ ವರ್ಷದ ಬಳಕೆಗೂ ನಿಜವಾದ ಬಳಕೆಗೂ ಎಷ್ಟು ದೂರವಿತ್ತು ಎಂಬುದು ಗೊತ್ತಾಗುತ್ತದೆ, ಮುಂದಿನ ದರಪಟ್ಟಿಯನ್ನು ಓದಲು ಬೇಕಾದ ಅಂಕಿಯೂ ಅದೇ.